ಅಟ್ಟದ ಕೊಬ್ಬರಿ, ಕಡಲಾಚೆಯ ಓದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಸಂಸಾರದ ಉಳಿತಾಯ ಅಟ್ಟದ ಮೇಲಿರುತ್ತದೆ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಡಗಡ ಸದ್ದು ಬಂದರೆ ಉಂಡೆ ಕೊಬ್ಬರಿ ತಯಾರಾಗಿದೆ ಎಂದರ್ಥ. ಆಮೇಲೆ ಸುಲಿದು, ಒಡೆದು, ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸುವುದು. ಮಗಳ ಮದುವೆ, ಹೊಸ ಕೊಳವೆ ಬಾವಿ, ಮನೆಯ ಮಾಳಿಗೆ, ಎಲ್ಲವೂ ಈ ಅಟ್ಟದ ಲೆಕ್ಕದ ಮೇಲೆಯೇ ನಡೆಯುತ್ತ ಬಂದಿವೆ.

ಈಗ ಆ ಲೆಕ್ಕಕ್ಕೆ ಹೊಸದೊಂದು ಬಾಬತ್ತು ಸೇರಿದೆ. ಎಂಜಿನಿಯರಿಂಗ್ ಮುಗಿಸಿದ ಮಗನೋ ಮಗಳೋ ಹೊರದೇಶದ ವಿಶ್ವವಿದ್ಯಾಲಯದಿಂದ ಬಂದ ಪ್ರವೇಶಪತ್ರವನ್ನು ಹಿಡಿದು ಜಗುಲಿಯ ಮೇಲೆ ಕೂರುತ್ತಾರೆ. ಅಂದಿನಿಂದ ಆ ಮನೆಯಲ್ಲಿ ಎರಡು ಧಾರಣೆಗಳನ್ನು ನೋಡಬೇಕಾಗುತ್ತದೆ: ಒಂದು ತಿಪಟೂರಿನ ಕೊಬ್ಬರಿಯದು, ಇನ್ನೊಂದು ಡಾಲರಿನದು. ಎರಡರ ಮೇಲೂ ಮನೆಯವರಿಗೆ ಹಿಡಿತವಿಲ್ಲ.

ಕಡಲು ದಾಟಿ ಓದಲು ಹೋಗುವುದು ನಮ್ಮವರಿಗೆ ಹೊಸತೇನಲ್ಲ. ಆದರೆ ಅದರ ಖರ್ಚನ್ನು ಯಾರು ಹೊರುತ್ತಾರೆ, ಲೆಕ್ಕ ತಪ್ಪಿದರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ. ಈ ಬದಲಾವಣೆಯ ಕಥೆ ಗೊತ್ತಿದ್ದರೆ ಇಂದಿನ ಲೆಕ್ಕ ಹಾಕುವುದೂ ಸ್ವಲ್ಪ ಸುಲಭವಾಗುತ್ತದೆ.

ಒಡವೆ, ಒಪ್ಪಂದ, ಓದು

1888ರಲ್ಲಿ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೊರಟಾಗ ಮನೆಯ ಹಿತೈಷಿಯೊಬ್ಬರು ಹಾಕಿಕೊಟ್ಟ ಅಂದಾಜು ನಾಲ್ಕೈದು ಸಾವಿರ ರೂಪಾಯಿ. ಅಷ್ಟು ಹಣ ಕೈಯಲ್ಲಿರಲಿಲ್ಲ. ಪತ್ನಿಯ ಒಡವೆ ಮಾರಿದರೆ ಎರಡು ಮೂರು ಸಾವಿರ ಹುಟ್ಟಬಹುದು ಎಂದು ಅವರು ಯೋಚಿಸಿದ್ದನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕೊನೆಗೆ ಹಣ ಹೊಂದಿಸುವ ಹೊಣೆ ಹೊತ್ತವರು ಅಣ್ಣ. ಲಂಡನ್ನಿನಲ್ಲಿ ಮೊದಮೊದಲು ಸೂಟು, ನೃತ್ಯ, ಪಿಟೀಲು ಎಂದು ಕೈಬಿಚ್ಚಿ ಖರ್ಚು ಮಾಡಿದ ಗಾಂಧಿ, ಆಮೇಲೆ ಕಾಸು ಕಾಸಿಗೂ ಲೆಕ್ಕ ಬರೆದಿಡತೊಡಗಿದರು. ಒಂದೇ ಕೋಣೆಗೆ ಬಂದರು, ಗಾಡಿ ಬಿಟ್ಟು ನಡೆದರು, ತಾವೇ ಅಡುಗೆ ಮಾಡಿಕೊಂಡು ದಿನದ ಖರ್ಚನ್ನು ಒಂದು ಶಿಲಿಂಗ್ ಮೂರು ಪೆನ್ಸ್‌ಗೆ ತಂದರು. ಪರದೇಶದಲ್ಲಿ ಓದುವವರ ಖರ್ಚಿನ ಪಟ್ಟಿ ಇಂದಿಗೂ ಇಷ್ಟೇ: ಬಾಡಿಗೆ, ಊಟ, ಓಡಾಟ. ಕಾಲೇಜಿನ ಶುಲ್ಕ ನಮ್ಮ ಮಾತು ಕೇಳುವುದಿಲ್ಲ, ಈ ಮೂರು ಮಾತ್ರ ಕೇಳುತ್ತವೆ.

ಮನೆಯ ಹಣವಿಲ್ಲದವರಿಗೆ ಆಗ ಇದ್ದ ದಾರಿ ಸಂಸ್ಥಾನಗಳದು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಭೀಮರಾವ್ ಅಂಬೇಡ್ಕರರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನದ ಮೇಲೆ. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಒಪ್ಪಂದಕ್ಕೆ ಸಹಿ ಹಾಕಿಯೇ ಅವರು ಹಡಗು ಹತ್ತಿದ್ದು. ಮುಂದೆ ಲಂಡನ್ನಿಗೆ ಹೋದರು. ಅಲ್ಲಿ ಓದು ಮುಗಿಯುವ ಮೊದಲೇ ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ ಊರಿಗೆ ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧದಲ್ಲಿ ಸಮುದ್ರದ ಪಾಲಾದವು. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಕೂಡಿಟ್ಟ ಹಣ, ನಮ್ಮ ಬೆಳಗಾವಿಗೆ ನೆರೆಯಾದ ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯರೊಬ್ಬರಿಂದ ಪಡೆದ ಸಾಲ, ಇವು ಮೂರನ್ನೂ ಸೇರಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಪೂರೈಸಿದರು. ಓದಿನ ಅವಧಿಗಿಂತ ಹಣದ ಅವಧಿ ಚಿಕ್ಕದಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಮೈಸೂರು ಸಂಸ್ಥಾನವೂ ಇದೇ ಬಗೆಯಲ್ಲಿ ಯೋಚಿಸಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಲಾಯಿತು. ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಗಿತ್ತು. ಶಾಸ್ತ್ರಿಗಳು ಕಲಿತು ಬಂದ ವಿದ್ಯೆ ಬೆಂಗಳೂರಿನಲ್ಲಿ ಮೈಸೂರು ಸ್ಯಾಂಡಲ್ ಸೋಪಾಯಿತು, ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. ಇಲ್ಲಿ ಖರ್ಚು ಸರ್ಕಾರದ್ದು, ಲಾಭವೂ ಸರ್ಕಾರದ್ದು. ವಿದ್ಯಾರ್ಥಿಯ ಮನೆಯ ಹೊಲ ಗದ್ದೆಯ ಪ್ರಶ್ನೆ ಎಲ್ಲಿಯೂ ಬರಲಿಲ್ಲ.

ಮುಂಬೈ ಕರ್ನಾಟಕದಲ್ಲಿ ಸರ್ಕಾರದ ಜಾಗದಲ್ಲಿ ದಾನಿಗಳು ನಿಂತರು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಹೆಸರಿಗೆ ಬರೆದಿಟ್ಟರು. ಒಬ್ಬ ದೇಸಾಯಿಯ ಆಸ್ತಿ ನೂರಾರು ಮನೆಗಳ ಆತಂಕವನ್ನು ತನ್ನ ಮೇಲೆ ಎಳೆದುಕೊಂಡಿತು.

ತಿಪಟೂರಿನ ಹುಡುಗ, ಟಾಟಾ ಸಾಲ

ಇನ್ನೊಂದು ದಾರಿಯನ್ನು ಜಮಶೇಟ್‌ಜಿ ಟಾಟಾ 1892ರಲ್ಲೇ ತೆರೆದಿದ್ದರು. ಪರದೇಶದಲ್ಲಿ ಓದಲು ಹೋಗುವ ಜಾಣ ವಿದ್ಯಾರ್ಥಿಗಳಿಗೆ ಅವರ ನಿಧಿ ಹಣ ಕೊಡುತ್ತಿತ್ತು. ಆದರೆ ಅದು ದಾನವಲ್ಲ, ಸಾಲ. ಓದಿ ಬಂದವರು ತೀರಿಸಿದ ಹಣ ಮುಂದಿನವರಿಗೆ ಹೋಗುತ್ತದೆ. ಒಂದು ಗೊನೆಯ ಕಾಯಿಯನ್ನು ಸಸಿ ಮಾಡಿ ಮುಂದಿನ ಸಾಲಿಗೆ ನೆಡುವಂಥ ಕ್ರಮ ಇದು. ಆ ನಿಧಿ ಇಂದಿಗೂ ನಡೆಯುತ್ತಿದೆ.

ಆ ನಿಧಿಯ ನೆರವು ಪಡೆದವರ ಸಾಲಿನಲ್ಲಿ ಮುಂದೆ ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಇದ್ದಾರೆ. ತಿಪಟೂರಿನಲ್ಲಿ 1925ರ ಜನವರಿ 28ರಂದು ಹುಟ್ಟಿದ ರಾಜಾ ರಾಮಣ್ಣ ಕೂಡ ಇದ್ದಾರೆ. ರಾಮಣ್ಣನವರ ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ಮಗ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಭೌತಶಾಸ್ತ್ರ ಓದಿ 1948ರಲ್ಲಿ ಡಾಕ್ಟರೇಟ್ ಪಡೆದರು, ಮರುವರ್ಷ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. 1974ರ ಪೋಖ್ರಾನ್ ಪರೀಕ್ಷೆಯ ಹಿಂದಿನ ವಿಜ್ಞಾನಿ ಎಂದು ದೇಶ ಅವರನ್ನು ನೆನೆಯುತ್ತದೆ. ಸಂಬಳ ಬರುವ ನ್ಯಾಯಾಧೀಶರ ಮನೆಯ ಹುಡುಗನಿಗೂ ಲಂಡನ್ನಿನ ಓದಿಗೆ ಹೊರಗಿನ ನಿಧಿಯೊಂದರ ಆಸರೆ ಬೇಕಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಅದೇ ಹೊತ್ತಿನಲ್ಲಿ ಮೈಸೂರಿನ ಹುಡುಗಿಯೊಬ್ಬಳು ಇನ್ನೂ ದೂರ ಹೊರಟಳು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದ್ದ ರಾಜೇಶ್ವರಿ ಅವರು 1946ರಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದರು. 1947ರ ಜುಲೈನಲ್ಲಿ ಹಡಗು ಹತ್ತಿ ಸುಮಾರು ಒಂದು ತಿಂಗಳು ಪ್ರಯಾಣ ಮಾಡಿ ಅಮೆರಿಕ ಸೇರಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಮೇಲೆ ಎಂಟು ತಿಂಗಳು ವಾಷಿಂಗ್ಟನ್ನಿನಲ್ಲಿ ತರಬೇತಿ, ಆಮೇಲೆ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನದ ಬಲದಿಂದ ಡಾಕ್ಟರೇಟ್. 1953ರಲ್ಲಿ ಬೆಂಗಳೂರಿಗೆ ಮರಳಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೈಕ್ರೊವೇವ್ ವಿದ್ಯೆಯ ಪ್ರೊಫೆಸರ್ ರಾಜೇಶ್ವರಿ ಚಟರ್ಜಿ ಎಂದು ಹೆಸರಾದವರು ಇವರೇ. ಒಂದು ವೇತನ ಮುಗಿದಾಗ ಇನ್ನೊಂದು ಕಾದಿತ್ತು.

ಡಾಲರ್ ಏರಿದ ದಾರಿ

ರಾಜೇಶ್ವರಿಯವರು ಹಡಗು ಹತ್ತಿದಾಗ ಒಂದು ಡಾಲರಿಗೆ ಮೂರೂಕಾಲು ರೂಪಾಯಿಯ ಆಸುಪಾಸು. 1949ರಲ್ಲಿ ಅದು 4 ರೂಪಾಯಿ 76 ಪೈಸೆಯ ಮಟ್ಟಕ್ಕೆ ಬಂತು. 1966ರ ಜೂನ್ 6ರಂದು ಸರ್ಕಾರ ರೂಪಾಯಿಯ ಬೆಲೆ ಇಳಿಸಿದಾಗ ಒಂದೇ ದಿನದಲ್ಲಿ 7 ರೂಪಾಯಿ 50 ಪೈಸೆಯಾಯಿತು. ಮನೆಯಿಂದ ಹಣ ತರಿಸಿಕೊಂಡು ಓದುತ್ತಿದ್ದವರ ಖರ್ಚು ರಾತ್ರೋರಾತ್ರಿ ಒಂದೂವರೆ ಪಟ್ಟಾಯಿತು. ಅದೇ ವರ್ಷಗಳಲ್ಲಿ ಯು. ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿದ್ದರು. ‘ಸಂಸ್ಕಾರ’ ಕಾದಂಬರಿ ಹುಟ್ಟಿದ್ದು ಅಲ್ಲಿಯೇ. ಅವರು ಹೋದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ. ಅಂಥ ವೇತನ ಪೌಂಡಿನಲ್ಲೇ ಸಿಗುವುದರಿಂದ ರೂಪಾಯಿ ಕುಸಿದರೂ ವಿದ್ಯಾರ್ಥಿಯ ಊಟ ಬಾಡಿಗೆಗೆ ಕುತ್ತು ಬರುವುದಿಲ್ಲ. ಯಾವ ನಾಣ್ಯದಲ್ಲಿ ಖರ್ಚೋ ಅದೇ ನಾಣ್ಯದಲ್ಲಿ ಆದಾಯ ಎಂಬ ಈ ಒಂದು ಅನುಕೂಲ ಎಷ್ಟು ದೊಡ್ಡದೆಂದು ಇಲ್ಲದವರಿಗಷ್ಟೇ ಗೊತ್ತು.

ಆಗ ಹಣವಿದ್ದವರೂ ಮನಬಂದಂತೆ ಹೊರಗೆ ಕಳಿಸುವಂತಿರಲಿಲ್ಲ. ವಿದೇಶಿ ವಿನಿಮಯಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. ಕಿಸೆಯಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಕಥೆಯನ್ನು 1970ರ ದಶಕದಲ್ಲಿ ಹೋದವರು ಇಂದಿಗೂ ಹೇಳುತ್ತಾರೆ. ಹೀಗಾಗಿ ವಿದ್ಯಾರ್ಥಿವೇತನ ಅಥವಾ ಅಲ್ಲಿನ ವಿಶ್ವವಿದ್ಯಾಲಯವೇ ಕೊಡುವ ಸಹಾಯಕ ಹುದ್ದೆ ಸಿಕ್ಕಿದವರು ಮಾತ್ರ ಹೋಗಬಲ್ಲವರಾಗಿದ್ದರು. ಬಾಗಿಲು ಕಿರಿದಾಗಿತ್ತು, ಆದರೆ ಒಳಗೆ ಹೋದವರ ಖರ್ಚು ಬಹುಪಾಲು ಭದ್ರವಾಗಿತ್ತು.

1991ರ ಆರ್ಥಿಕ ಸುಧಾರಣೆಯ ನಂತರ ಬಾಗಿಲು ಅಗಲವಾಯಿತು. 2001ರಲ್ಲಿ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆ ಪರದೇಶದ ಓದಿಗೆ 15 ಲಕ್ಷ ರೂಪಾಯಿಯವರೆಗೆ ಸಾಲಕ್ಕೆ ದಾರಿ ಮಾಡಿತು. 2004ರಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ 25 ಸಾವಿರ ಡಾಲರ್ ಹೊರಗೆ ಕಳಿಸಲು ಜನಸಾಮಾನ್ಯರಿಗೂ ಅವಕಾಶ ಕೊಟ್ಟಿತು. 2015ರ ಹೊತ್ತಿಗೆ ಆ ಮಿತಿ ಎರಡೂವರೆ ಲಕ್ಷ ಡಾಲರಾಯಿತು. ಅತ್ತ ಡಾಲರ್ ಕೂಡ ಸುಮ್ಮನಿರಲಿಲ್ಲ. 2022ರಲ್ಲಿ 80 ರೂಪಾಯಿ, 2025ರ ಡಿಸೆಂಬರಿನಲ್ಲಿ 90 ರೂಪಾಯಿ ದಾಟಿತು. ಹಣ ಕಳಿಸುವ ಸ್ವಾತಂತ್ರ್ಯ ಮನೆಗೆ ಬಂದಂತೆ ಅದರ ಅಪಾಯವೂ ಮನೆಯೊಳಗೇ ಬಂತು. ಸಂಸ್ಥಾನ, ದೇಸಾಯಿ, ನಿಧಿ ಹೊತ್ತಿದ್ದ ಭಾರ ಈಗ ತೋಟದ ಮನೆಯ ತೊಲೆಯ ಮೇಲಿದೆ.

ಕ್ವಿಂಟಾಲಿನಲ್ಲಿ ಒಂದು ಲೆಕ್ಕ

ಈ ಭಾರ ಎಷ್ಟೆಂದು ನಮ್ಮ ಸೀಮೆಯ ಅಳತೆಯಲ್ಲೇ ನೋಡೋಣ. ಐದು ಎಕರೆ ತೋಟ, ಎಕರೆಗೆ ಐವತ್ತು ಮರ, ಮರಕ್ಕೆ ವರ್ಷಕ್ಕೆ ಎಂಬತ್ತು ಕಾಯಿ ಎಂದು ಇಟ್ಟುಕೊಳ್ಳಿ. ಒಟ್ಟು 20 ಸಾವಿರ ಕಾಯಿ. ಸಾವಿರ ಕಾಯಿಗೆ ಒಂದು ಕ್ವಿಂಟಾಲ್ ಉಂಡೆ ಕೊಬ್ಬರಿ ಎಂದು ಹಿಡಿದರೆ ವರ್ಷಕ್ಕೆ 20 ಕ್ವಿಂಟಾಲ್. ಇದು ಮಳೆ ಚೆನ್ನಾಗಿದ್ದು ರೋಗವಿಲ್ಲದ ವರ್ಷದ ಮಾತು. 1990ರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದಾಗ ಕಾಯಿ ಹೇಗೆ ಸುರುಟಿ ಉದುರಿದವು ಎಂಬುದನ್ನು ಈ ಸೀಮೆಯ ಹಿರಿಯರು ಮರೆತಿಲ್ಲ.

ಅಮೆರಿಕದಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದಿಗೆ ವರ್ಷಕ್ಕೆ ಶುಲ್ಕ 20 ಸಾವಿರ, ವಾಸದ ಖರ್ಚು 15 ಸಾವಿರ ಡಾಲರ್ ಎಂದು ಉದಾಹರಣೆಗೆ ತೆಗೆದುಕೊಳ್ಳೋಣ. ಎರಡು ವರ್ಷಕ್ಕೆ 70 ಸಾವಿರ ಡಾಲರ್. 90 ರೂಪಾಯಿಯ ದರದಲ್ಲಿ ಅದು 63 ಲಕ್ಷ ರೂಪಾಯಿ.

ಇನ್ನು ಕೊಬ್ಬರಿ. 2023ರಲ್ಲಿ ತಿಪಟೂರಿನಲ್ಲಿ ಧಾರಣೆ ಕ್ವಿಂಟಾಲಿಗೆ 8 ಸಾವಿರದ ಆಸುಪಾಸಿಗೆ ಬಿದ್ದು ಬೆಳೆಗಾರರು ಬೀದಿಗಿಳಿದರು. ಆ ವರ್ಷದ ಬೆಂಬಲ ಬೆಲೆ 11,750 ರೂಪಾಯಿ, 2024ರದು 12 ಸಾವಿರ. ಅದೇ ಕೊಬ್ಬರಿ 2025ರಲ್ಲಿ 25 ಸಾವಿರ ದಾಟಿತು. ಬೆಂಬಲ ಬೆಲೆಯಾದ 12 ಸಾವಿರದ ಲೆಕ್ಕದಲ್ಲಿ 63 ಲಕ್ಷ ಎಂದರೆ 525 ಕ್ವಿಂಟಾಲ್, ಅಂದರೆ ನಮ್ಮ ಐದು ಎಕರೆ ತೋಟದ ಇಪ್ಪತ್ತಾರು ವರ್ಷದ ಬೆಳೆ. 25 ಸಾವಿರದ ಧಾರಣೆಯಲ್ಲೂ 252 ಕ್ವಿಂಟಾಲ್, ಹನ್ನೆರಡು ವರ್ಷಕ್ಕೂ ಮೇಲೆ. ಗೊಬ್ಬರ, ನೀರು, ಕೂಲಿ, ಮನೆಯ ಊಟದ ಖರ್ಚನ್ನು ಇಲ್ಲಿ ಕಳೆದೇ ಇಲ್ಲ.

ಹಾಗಾದರೆ ಸಾಲ? 63 ಲಕ್ಷದಲ್ಲಿ 40 ಲಕ್ಷ ಬ್ಯಾಂಕಿನ ಸಾಲ, ವರ್ಷಕ್ಕೆ 20 ಲಕ್ಷದಂತೆ ಎರಡು ಕಂತಿನಲ್ಲಿ ಪಡೆದದ್ದು, ಬಡ್ಡಿ ನೂರಕ್ಕೆ ಹತ್ತೂವರೆ ಎನ್ನಿ. ಓದಿನ ಎರಡು ವರ್ಷ ಮತ್ತು ನಂತರದ ಒಂದು ವರ್ಷ ಬ್ಯಾಂಕ್ ಕಂತು ಕೇಳುವುದಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೂರು ವರ್ಷ ಮುಗಿಯುವಾಗ ಸರಳ ಬಡ್ಡಿಯೇ ಹತ್ತೂವರೆ ಲಕ್ಷ. 50 ಲಕ್ಷ 50 ಸಾವಿರವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 68 ಸಾವಿರ ರೂಪಾಯಿ ಕಟ್ಟಬೇಕು. ವರ್ಷಕ್ಕೆ ಎಂಟು ಲಕ್ಷದ ಮೇಲೆ. 12 ಸಾವಿರದ ಧಾರಣೆಯಲ್ಲಿ 68 ಕ್ವಿಂಟಾಲ್, 25 ಸಾವಿರದಲ್ಲಿ ಸುಮಾರು 33 ಕ್ವಿಂಟಾಲ್. ತೋಟ ಕೊಡುವುದು 20.

ಈ ಲೆಕ್ಕ ಹೇಳುವುದು ಒಂದೇ ಮಾತು: ಪರದೇಶದ ಓದಿನ ಸಾಲವನ್ನು ತೆಂಗಿನ ಮರ ತೀರಿಸಲಾರದು. ಅದನ್ನು ತೀರಿಸಬೇಕಾದ್ದು ಓದಿದವರ ಮುಂದಿನ ಸಂಬಳ. ಕೊಬ್ಬರಿಗೆ ಒಳ್ಳೆಯ ಧಾರಣೆ ಬಂದ ವರ್ಷ ಉಂಟಾಗುವ ಧೈರ್ಯದ ಮೇಲೆ ಹತ್ತು ಹದಿಮೂರು ವರ್ಷದ ಜವಾಬ್ದಾರಿ ಹೊರುವುದೇ ಇಲ್ಲಿರುವ ಅಪಾಯ. ಸಾಲದ ಮೊತ್ತ ನಿರ್ಧರಿಸುವಾಗ ಹಿಡಿಯಬೇಕಾದ ಧಾರಣೆ 2023ರದು, 2025ರದಲ್ಲ.

ಇನ್ನೊಂದು ಅಡಚಣೆಯೂ ಇದೆ. ದೊಡ್ಡ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಭದ್ರತೆ ಕೇಳುತ್ತವೆ. ಆದರೆ ವಸೂಲಿಗೆಂದು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿರುವುದರಿಂದ ತೋಟದ ಪಹಣಿಗಿಂತ ಪೇಟೆಯ ನಿವೇಶನ, ಮನೆ ಅವಕ್ಕೆ ಇಷ್ಟ. ತೋಟವಿದ್ದೂ ನಿವೇಶನವಿಲ್ಲದವರು ಮಂಡಿಯ ಮುಂಗಡಕ್ಕೆ, ಕೈಸಾಲಕ್ಕೆ ಇಲ್ಲವೇ ಹೆಚ್ಚು ಬಡ್ಡಿಯ ಸಂಸ್ಥೆಗಳಿಗೆ ಮೊರೆ ಹೋಗುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಇರುವ ಅನುಕೂಲಗಳು ಕೈಸಾಲಕ್ಕಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಶಿಕ್ಷಣ ಸಾಲದ ಬಡ್ಡಿಯ ಮೇಲೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಉಂಟು. ಬ್ಯಾಂಕ್ ಸಾಲದಿಂದಲೇ ಹೊರಗೆ ಕಳಿಸುವ ಶುಲ್ಕಕ್ಕೆ 2025ರ ಏಪ್ರಿಲ್‌ನಿಂದ ಮೂಲದಲ್ಲಿ ವಸೂಲು ಮಾಡುವ ತೆರಿಗೆಯನ್ನೂ ತೆಗೆಯಲಾಗಿದೆ.

ಹೊರಡುವ ಮುನ್ನ

ಹಳೆಯ ಕಥೆಗಳಿಂದ ಇಂದಿನವರು ಹೆಕ್ಕಿಕೊಳ್ಳಬಹುದಾದ ಪಾಠಗಳು ಕೆಲವಿವೆ. ಮೊದಲನೆಯದು, ಲೆಕ್ಕವನ್ನು ಮೊದಲ ವರ್ಷಕ್ಕಲ್ಲ, ಓದು ಮುಗಿಯುವವರೆಗೆ ಹಾಕಬೇಕು. ಅಮೆರಿಕದ ವೀಸಾಕ್ಕೆ ಮುಖ್ಯವಾಗಿ ಮೊದಲ ವರ್ಷದ ಹಣ ತೋರಿಸಿದರೆ ನಡೆಯುತ್ತದೆ. ಆದರೆ ಅಂಬೇಡ್ಕರರಂಥವರೇ ಓದನ್ನು ನಡುವೆ ಬಿಟ್ಟು ಬರಬೇಕಾದದ್ದು ಕೊನೆಯ ಭಾಗದ ಹಣವಿಲ್ಲದೆ.

ಎರಡನೆಯದು, ಡಾಲರ್ ಇಂದಿನ ದರದಲ್ಲೇ ನಿಲ್ಲುತ್ತದೆಂದು ನಂಬಬಾರದು. ಮೇಲಿನ ಉದಾಹರಣೆಯಲ್ಲಿ ಡಾಲರಿಗೆ ಐದು ರೂಪಾಯಿ ಹೆಚ್ಚಾದರೆ ಒಟ್ಟು ಖರ್ಚು ಮೂರೂವರೆ ಲಕ್ಷ ಏರುತ್ತದೆ. ಹತ್ತರಲ್ಲಿ ಒಂದು ಪಾಲನ್ನಾದರೂ ಇದಕ್ಕೆಂದು ಬೇರೆ ಇಡುವುದು ಒಳ್ಳೆಯದು.

ಮೂರನೆಯದು, ದೇಶ ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬದಲಿಗೆ ಒಂದು ವರ್ಷದ ವಾಸದ ಖರ್ಚನ್ನು ಮುಂಚೆಯೇ ಅಲ್ಲಿನ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೊ ಎಂದು ನಿಗದಿಯಾಯಿತು. ಯೂರೊಗೆ ನೂರು ರೂಪಾಯಿ ಎಂದು ಹಿಡಿದರೂ ಸುಮಾರು 12 ಲಕ್ಷ, ಬೆಂಬಲ ಬೆಲೆಯ ಲೆಕ್ಕದಲ್ಲಿ 100 ಕ್ವಿಂಟಾಲ್. ಅದೂ ಹಗುರವಲ್ಲ, ಆದರೆ 525 ಅಲ್ಲ. ಆ ಹಣವೂ ತಿಂಗಳು ತಿಂಗಳು ವಿದ್ಯಾರ್ಥಿಯ ಕೈಗೇ ಮರಳಿ ಬರುತ್ತದೆ.

ನಾಲ್ಕನೆಯದು, ವಿದ್ಯಾರ್ಥಿವೇತನಗಳ ಕಾಲ ಮುಗಿದಿಲ್ಲ. ಪರಿಶಿಷ್ಟ ಜಾತಿ ಮತ್ತಿತರ ವರ್ಗಗಳಿಗಾಗಿ ಕೇಂದ್ರ ಸರ್ಕಾರ 1954ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ರಾಜ್ಯ ಸರ್ಕಾರವೂ ಪರಿಶಿಷ್ಟರಿಗೆ ‘ಪ್ರಬುದ್ಧ’ ಯೋಜನೆ ರೂಪಿಸಿದೆ, ಹಿಂದುಳಿದ ವರ್ಗದವರಿಗೂ ವಿದೇಶ ವ್ಯಾಸಂಗಕ್ಕೆ ನೆರವು ಕೊಡುತ್ತ ಬಂದಿದೆ. ಟಾಟಾ ನಿಧಿಯ ಬಾಗಿಲು ಎಲ್ಲರಿಗೂ ತೆರೆದಿದೆ. ಇವಕ್ಕೆ ಅರ್ಜಿ ಹಾಕುವ ಕೆಲಸ ಪ್ರವೇಶಪತ್ರ ಬಂದ ಮೇಲೆ ಶುರುವಾದರೆ ತಡವಾಗುತ್ತದೆ. ಒಂದು ವರ್ಷ ಮೊದಲೇ ಆಗಬೇಕು.

ಕೊನೆಯದಾಗಿ ಒಂದು ಮಾತು ಊರಿಗೆ. ಹತ್ತಾರು ಮನೆಗಳು ಸೇರಿ ಒಂದು ಮನೆಯ ಮಗುವನ್ನು ಓದಿಸುವ ಪದ್ಧತಿ ತುಮಕೂರು ಜಿಲ್ಲೆಗೆ ಅಪರಿಚಿತವೇನಲ್ಲ. ರೈತರು ಕಳಿಸಿದ ದವಸದಿಂದ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದಿದ್ದಾರೆ. ಆದರೆ ಮಗು ಕಡಲು ದಾಟುವಾಗ ಮಾತ್ರ ಆ ಮನೆ ಒಂಟಿಯಾಗುತ್ತದೆ, ಲೆಕ್ಕವನ್ನು ನೆರೆಯವರಿಂದಲೂ ಮುಚ್ಚಿಡುತ್ತದೆ. ಧಾರಣೆ ಚೆನ್ನಾಗಿರುವ ವರ್ಷಗಳಲ್ಲಿ ಕ್ವಿಂಟಾಲಿಗೆ ಇಷ್ಟೆಂದು ಎತ್ತಿಟ್ಟು, ಓದಿದವರು ತೀರಿಸಿ ಮುಂದಿನವರಿಗೆ ಬಿಟ್ಟುಕೊಡುವಂಥ ಸಾಲದ ನಿಧಿಯೊಂದನ್ನು ತೆಂಗಿನ ಸೀಮೆಯ ಸಹಕಾರ ಸಂಘಗಳು ಕಟ್ಟಿದರೆ ತಪ್ಪೇನು? 1892ರ ಉಪಾಯ ಹಳತಾಗಿಲ್ಲ. ತಿಪಟೂರಿನಲ್ಲಿ ಹುಟ್ಟಿದ ಹುಡುಗನೊಬ್ಬ ಲಂಡನ್ ಸೇರಿದ್ದು ಅದರಿಂದಲೇ.

ಅಲ್ಲಿಯವರೆಗೆ ಪ್ರತಿ ಮನೆಯೂ ತನ್ನ ಲೆಕ್ಕವನ್ನು ತಾನೇ ಹಾಕಬೇಕು. ಅಟ್ಟದ ಕಾಯನ್ನು ಒಡೆಯುವ ಮೊದಲು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲೂ ಅಷ್ಟು ತಾಳ್ಮೆ ಇರಲಿ.